ಮೂವತ್ತೈದು ನಿಮಿಷದ ಆಲ್ಬಮ್

“ಅಲ್ಲಾಡ್ಬೇಡಿ ಅಂತ ಎಷ್ಟು ಸಲ ಹೇಳೋದು!”

ಪುಟ್ಟಿ ಕೂಗುವಷ್ಟರಲ್ಲಿ ಕತ್ತರಿ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಎಡಗಿವಿಯ ಮೇಲಿದ್ದ ಒಂದು ಹಿಡಿ ಕೂದಲು ನೆಲಕ್ಕೆ ಬಿದ್ದಿತ್ತು!

ಕುರ್ಚಿಯಲ್ಲಿದ್ದವನು ಅರ್ಧ ಎದ್ದು ನಿಂತಿದ್ದ. ಕುತ್ತಿಗೆಗೆ ಕಟ್ಟಿದ ಬಟ್ಟೆ ಒಂದು ಕಡೆ ಜಾರಿತ್ತು. ಅವನ ಕಣ್ಣು ಮಾತ್ರ ಗೋಡೆಯ ಮೇಲಿನ ಸ್ಪೀಕರ್ ಬಿಟ್ಟು ಕದಲಲಿಲ್ಲ.

“ಈ ಹಾಡು... ‘ನಿಧಾನ’ ಆಲ್ಬಮ್‌ದು ಅಲ್ವಾ?”

“ಹೌದು. ಅದಕ್ಕೆ ಹೀಗೆ ಹಾರಿ ಬೀಳ್ಬೇಕಾ? ಕತ್ತರಿ ಕಿವಿಗೆ ತಾಗಿದ್ರೆ?”

ಅವನು ಕನ್ನಡಿಯೊಳಗಿನಿಂದ ಅವಳತ್ತ ನೋಡಿದ. ಅವಳೂ ನೋಡಿದಳು. ಇನ್ನೂ ನಾಲ್ಕು ಮಾತು ಬೈಯಬೇಕು ಅಂತ ಬಾಯಿ ತೆರೆದಿದ್ದವಳಿಗೆ ಏನು ಬೈಯಬೇಕು ಅನ್ನುವುದೇ ಮರೆತುಹೋಯಿತು. ‘ಇದೇನು ಕಣ್ಣಪ್ಪಾ ಇವನದು... ತಪ್ಪು ಅವನದು, ನಾನ್ಯಾಕೆ ನಾಚ್ಕೊಳ್ತಾ ಇದೀನಿ?’

“ಕ್ಷಮಿಸಿ, ಈ ಕಡೆ ಖಾಲಿ ಆಯ್ತು. ಆ ಕಡೆನೂ ಸಮ ಮಾಡ್ಬೇಕಂದ್ರೆ...”

“ಬೇಡ ಬೇಡ, ಇವತ್ತು ಹೀಗೇ ಇರ್ಲಿ,” ಅಂದ ಅವನು ಅವಸರದಲ್ಲಿ. “ಮುಂದಿನ ಗುರುವಾರ ಬರ್ತೀನಿ. ಆಗ ಸಮ ಮಾಡಿ.”

ಒಂದು ಕಡೆ ಕೂದಲಿದ್ದು ಇನ್ನೊಂದು ಕಡೆ ಇಲ್ಲದ ತಲೆ ಹೊತ್ತುಕೊಂಡು ಒಂದು ವಾರ ಊರೆಲ್ಲ ತಿರುಗಲು ಯಾವ ಗಂಡಸು ಒಪ್ಪುತ್ತಾನೆ? ಪುಟ್ಟಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೇಳು ವರ್ಷದ, ಕೈ ಚುರುಕಾದ, ನಾಲಿಗೆ ಅದಕ್ಕಿಂತ ಚುರುಕಾದ ಹುಡುಗಿಗೂ ಇಂಥ ವಿಷಯದಲ್ಲಿ ಬುದ್ಧಿ ಸ್ವಲ್ಪ ತಡವಾಗಿಯೇ ಕೆಲಸ ಮಾಡುತ್ತದೆ.

ಓದುಗರೇ, ನಿಮಗೆ ಮಾತ್ರ ಹೇಳುತ್ತೇನೆ, ಪುಟ್ಟಿಯ ಕಿವಿಗೆ ಹಾಕಬೇಡಿ. ಅವನು ಬಂದಿದ್ದು ಕೂದಲು ಕತ್ತರಿಸಿಕೊಳ್ಳಲು ಅಲ್ಲ. ತಪಾಸಣೆಗೆ!

‘ಹಳದಿ ಲಾರಿ’ ಅಂತ ಒಂದು ರಾಕ್ ಬ್ಯಾಂಡ್ ಇತ್ತು. ಆರು ಆಲ್ಬಮ್ ಮಾಡಿ, ತಮ್ಮತಮ್ಮಲ್ಲೇ ಕಿತ್ತಾಡಿಕೊಂಡು, ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಈಗ ರಾಜಿಯಾಗಿದ್ದರು. ಒಂದೇ ಒಂದು ಸಂಜೆ ಮತ್ತೆ ವೇದಿಕೆ ಹತ್ತುತ್ತೇವೆ, ಒಂದು ಆಲ್ಬಮನ್ನು ಮೊದಲಿಂದ ಕೊನೆಯವರೆಗೆ ನುಡಿಸುತ್ತೇವೆ, ಯಾವುದು ಅಂತ ನೀವೇ ಹೇಳಿ ಎಂದು ಅಭಿಮಾನಿಗಳಿಗೆ ಬಿಟ್ಟಿದ್ದರು. ಆದರೆ ಬಾಯಿಮಾತಿಗೆ ಬೆಲೆಯಿಲ್ಲ. ಯಾವ ಆಲ್ಬಮನ್ನು ಅತಿ ಹೆಚ್ಚು ಸಲ ಮರಳಿ ಮರಳಿ ಕೇಳಿದ್ದಾರೋ ಅದು. ಪ್ರತಿಯೊಬ್ಬ ಅಭಿಮಾನಿಯೂ ತನ್ನ ಫೋನಿನಲ್ಲಿ ದಾಖಲಾದ ಸಂಖ್ಯೆಯನ್ನು ಅಭಿಮಾನಿ ಬಳಗಕ್ಕೆ ಕಳಿಸಬೇಕು.

ಎಲ್ಲರೂ ಎರಡನೇ ಆಲ್ಬಮ್ ‘ಕಿಡಿ’ ಗೆಲ್ಲುತ್ತದೆ ಅಂದುಕೊಂಡಿದ್ದರು. ಗಿಟಾರ್ ಕೇಳಿದರೆ ಮೈ ಜುಮ್ಮೆನ್ನುವ ಆಲ್ಬಮ್ ಅದು. ನಾಲ್ಕನೆಯದಾದ ‘ನಿಧಾನ’ ಬಿಡುಗಡೆಯಾದಾಗ ಅದಕ್ಕೆ ‘ತೂಕಡಿಕೆ’ ಅಂತ ಅಡ್ಡಹೆಸರಿಟ್ಟು ನಕ್ಕವರೇ ಜಾಸ್ತಿ.

ಅಂಥದ್ದರಲ್ಲಿ ಒಂದು ಸಂಖ್ಯೆ ಬಂದು ಬಿತ್ತು. ಯಾವುದೋ ಸೆಲೂನಿನ ಫೋನು. ಎರಡು ವರ್ಷ. ‘ನಿಧಾನ’... ಎರಡು ಸಾವಿರದ ಮುನ್ನೂರ ಹದಿನಾರು ಸಲ!

“ಕಳ್ಳ ಲೆಕ್ಕ!” ಅಂತ ಬಳಗದ ತುಂಬಾ ಗದ್ದಲ. ಯಾರೋ ಸದ್ದು ಅಡಗಿಸಿ ರಾತ್ರಿಹಗಲು ಓಡಿಸಿದ್ದಾರೆ ಅಂತ ಒಬ್ಬ, ಮನುಷ್ಯರಾದವರು ಅದನ್ನು ಎರಡು ಸಲ ಕೇಳಲ್ಲ ಅಂತ ಇನ್ನೊಬ್ಬ. ಕೊನೆಗೆ ಬಳಗದ ಅಧ್ಯಕ್ಷರು, ಅವರು ನಿವೃತ್ತ ಬಸ್ ಡ್ರೈವರ್, ಒಬ್ಬನನ್ನು ಆರಿಸಿ ಕಳಿಸಿದರು. ಹೋಗಿ ನೋಡು, ವರದಿ ಬರಿ, ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗೆ ಕೊಡು. ಸಭೆಯ ದಿನದವರೆಗೆ ಯಾರಿಗೂ ಒಂದಕ್ಷರ ಹೇಳಕೂಡದು. ಇದು ಅವರ ಅಪ್ಪಣೆ.

ಅವನೇ ಇವನು. ಕೆಲಸ ಲಿಫ್ಟ್ ರಿಪೇರಿ. ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಸಮವಸ್ತ್ರದ ಒಳಗೆ ಸದಾ ‘ಕಿಡಿ’ ಟೀ ಶರ್ಟು.

ಎರಡನೇ ಗುರುವಾರ ಅವನು ಬಂದಾಗ ಸೆಲೂನಿನಲ್ಲಿ ನಾಲ್ಕು ಹೆಂಗಸರು ತಲೆಗೆ ಬಣ್ಣ ಮೆತ್ತಿಸಿಕೊಂಡು ಸಾಲಾಗಿ ಕೂತಿದ್ದರು. ಸೆಲೂನಿನ ಒಡತಿ ಪುಟ್ಟಿಯ ದೊಡ್ಡಮ್ಮ. ಬಣ್ಣ ಕಲಸುವುದರಲ್ಲಿ ಎತ್ತಿದ ಕೈ, ಮಾತಿನಲ್ಲಂತೂ ಎರಡು ಕೈ ಮೇಲೆ.

“ಆ ಹಾಡನ್ನ ಯಾಕೆ ಇಷ್ಟೊಂದ್ಸಲ ಹಾಕ್ತೀರ?” ಅಂತ ಅವನು ಮೆಲ್ಲಗೆ ಕೇಳಿದ.

“ಅಯ್ಯೋ, ಅದೊಂದು ದೊಡ್ಡ ಕಥೆ,” ಅಂದಳು ಪುಟ್ಟಿ, ಅವನ ಬಲಗಡೆಯ ಕೂದಲನ್ನು ಎಡಗಡೆಗೆ ಸಮ ಮಾಡುತ್ತಾ. “ಬಣ್ಣ ಹಚ್ಚಿ ಮೂವತ್ತೈದು ನಿಮಿಷಕ್ಕೆ ತೊಳೀಬೇಕು. ನಮ್ಮ ದೊಡ್ಡಮ್ಮಂಗೆ ಮಾತಿಗೆ ಕೂತ್ರೆ ಗಡಿಯಾರ ಕಾಣ್ಸಲ್ಲ. ಒಂದ್ಸಲ ಟೀಚರಮ್ಮನ ತಲೆ ಒಂದೂವರೆ ಗಂಟೆ ಹಾಗೇ ಬಿಟ್ಟು, ಕೂದಲು ನೇರಳೆ ಬಣ್ಣ ಆಗೋಯ್ತು!”

“ಆ ವಿಷಯ ಯಾಕೆ ಈಗ?” ಅಂತ ಸಾಲಿನ ತುದಿಯಿಂದ ಟೀಚರಮ್ಮ ಗದರಿದರು.

“‘ನಿಧಾನ’ ಸರಿಯಾಗಿ ಮೂವತ್ತೈದು ನಿಮಿಷ. ಎಂಟು ಹಾಡು. ನಂಗೆ ಕಾಲೇಜಿಂದ ಅದಂದ್ರೆ ಪ್ರಾಣ. ಬಣ್ಣ ಹಚ್ಚಿದ ಕೂಡ್ಲೇ ಹಾಕ್ತೀನಿ, ಕೊನೇ ಹಾಡು ಮುಗಿದ್ರೆ ಎಲ್ರೂ ತಾವೇ ಎದ್ದು ತೊಟ್ಟಿ ಹತ್ರ ಹೋಗ್ತಾರೆ. ದಿನಕ್ಕೆ ನಾಲ್ಕು ಸಲ ಆಗತ್ತೆ.”

‘ಅಂದ್ರೆ ಇದು ಅಲಾರಂ! ಕೇಳೋದಲ್ಲ, ಬರೀ ಅಲಾರಂ!’ ಲಿಫ್ಟಿನವನ ಮನಸ್ಸು ಕುಣಿಯಿತು. ‘ಕಿಡಿ’ ಗೆದ್ದಂತೆಯೇ! ಆದರೂ ಒಂದೇ ಸಲ ನೋಡಿ ಬರೆದರೆ ನ್ಯಾಯವಲ್ಲ ಅಂತ ತನಗೆ ತಾನೇ ಹೇಳಿಕೊಂಡ. ನ್ಯಾಯಕ್ಕೋ, ಕಿವಿಯ ಹಿಂದೆ ತಾಗುತ್ತಿದ್ದ ಆ ತಣ್ಣನೆಯ ಬೆರಳಿಗೋ, ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಮೂರನೇ ಗುರುವಾರ ನಡೆದದ್ದೇ ಬೇರೆ.

ಐದನೇ ಹಾಡಿನ ನಟ್ಟನಡುವೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಸ್ಪೀಕರ್ ಬಾಯಿ ಮುಚ್ಚಿತು.

“ಅಯ್ಯಯ್ಯೋ, ಈಗೇನೇ ಮಾಡೋದು?” ಅಂದರು ದೊಡ್ಡಮ್ಮ.

“ಮಾಡೋದೇನು? ಬ್ಯಾಂಕಮ್ಮ, ಹಿಡೀರಿ!” ಅಂದರು ಟೀಚರಮ್ಮ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಆ ಆಂಟಿ ಒಂದು ಕ್ಷಣವೂ ತಡವರಿಸದೆ, ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡರು. ಉಳಿದವರೂ ಸೇರಿಕೊಂಡರು. ಗಿಟಾರ್ ಬರುವ ಕಡೆ ಒಬ್ಬರು ಬಾಯಲ್ಲೇ ಗಿಟಾರ್ ನುಡಿಸಿದರು. ಡ್ರಮ್ಮಿಗೆ ದೊಡ್ಡಮ್ಮನ ಬಾಚಣಿಗೆ ಮತ್ತು ಸ್ಟೀಲ್ ಬಟ್ಟಲು. ಆರನೇ ಹಾಡು. ಏಳನೇ ಹಾಡು. ಎಂಟನೇ ಹಾಡಿಗೆ ಮೊದಲು ಒಂದು ಉದ್ದನೆಯ ಮೌನವಿದೆ, ನಾಲ್ಕು ಉಸಿರಿನಷ್ಟು. ಆ ಮೌನವನ್ನೂ ಅವರು ಬಿಡಲಿಲ್ಲ! ತಲೆಗೆ ಕಪ್ಪು ಮೆತ್ತಿಕೊಂಡ ನಾಲ್ವರೂ ಕಣ್ಣು ಮುಚ್ಚಿ ಸುಮ್ಮನೆ ಕೂತು, ಒಟ್ಟಿಗೆ ಉಸಿರೆಳೆದು, ಒಟ್ಟಿಗೆ ಶುರು ಮಾಡಿದರು.

ಪುಟ್ಟಿಯೂ ಹಾಡುತ್ತಿದ್ದಳು, ಕತ್ತರಿಯನ್ನು ಎದೆಗೆ ಒತ್ತಿಕೊಂಡು. ಶ್ರುತಿ ಸ್ವಲ್ಪ ಆಚೀಚೆ. ಮುಖ ಮಾತ್ರ ಬೆಳಗುತ್ತಿತ್ತು.

ಹಾಡು ಮುಗಿಯಿತು. ಲಿಫ್ಟಿನವನು ಕೈಗಡಿಯಾರ ನೋಡಿಕೊಂಡ. ಮೂವತ್ತೈದು ನಿಮಿಷ, ಹತ್ತು ಸೆಕೆಂಡು.

‘ಹತ್ತು ವರ್ಷದಿಂದ “ಕಿಡಿ” ಕೇಳ್ತಿದೀನಿ. ನಂಗೆ ಹೀಗೆ ಹಾಡೋಕಾಗತ್ತಾ?’

ಅಂದು ಸಂಜೆಯೇ ಅವನು ವರದಿ ಬರೆದು, ಲಕೋಟೆ ಅಂಟಿಸಿ, ಅಧ್ಯಕ್ಷರ ಕೈಗೆ ಕೊಟ್ಟ. ಏನು ಬರೆದ ಅಂತ ನನಗೆ ಗೊತ್ತು. ಈಗ ಹೇಳಲ್ಲ. ಕೆಲಸ ಮಾತ್ರ ಅಲ್ಲಿಗೆ ಮುಗಿಯಿತು. ಸೆಲೂನಿಗೆ ಮತ್ತೆ ಹೋಗುವ ಅಗತ್ಯವೇ ಇರಲಿಲ್ಲ.

ಆದರೆ ನಾಲ್ಕನೇ ಗುರುವಾರವೂ ಬಂದ. ಐದನೆಯದಕ್ಕೂ ಬಂದ. ಆರನೆಯದಕ್ಕೆ ಹೊಸ ಅಂಗಿ ಹಾಕಿಕೊಂಡು ಬಂದ.

“ಏನೇ ಪುಟ್ಟಿ, ಈ ಹುಡುಗನ ತಲೇಲಿ ಕತ್ತರ್ಸೋಕೆ ಏನಾದ್ರೂ ಉಳಿದಿದ್ಯಾ?” ಅಂದರು ದೊಡ್ಡಮ್ಮ. “ಇನ್ನೊಂದ್ಸಲ ಬಂದ್ರೆ ಪಾಲಿಶ್ ಹಾಕಿ ಕಳ್ಸೋದೊಂದೇ ಬಾಕಿ.”

“ಸುಮ್ನಿರಿ ದೊಡ್ಡಮ್ಮ!”

ಪುಟ್ಟಿಯ ಕಿವಿ ಕೆಂಪಾಗಿತ್ತು. ಈಗೀಗ ಗುರುವಾರ ಬೆಳಿಗ್ಗೆ ಅವಳು ಎರಡೆರಡು ಸಲ ಕನ್ನಡಿ ಒರೆಸುತ್ತಿದ್ದಳು. ಅವನಿಗೆ ಅವಳು ಪ್ರತಿ ಹಾಡಿನ ಬಗ್ಗೆ ಹೇಳುವಳು, ಅವಳಿಗೆ ಅವನು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಕಥೆ ಹೇಳುವನು. ‘ನನ್ನ ನೋಡೋಕೇ ಬರ್ತಾನೆ... ಅಲ್ವಾ? ಬಾಯಿಬಿಟ್ಟು ಒಂದು ಮಾತು ಹೇಳಬಾರ್ದಾ?’ ಅವಳಿಗೆ ಬೇಕಿದ್ದದ್ದು ಅಷ್ಟೇ. ಇವನು ನನಗಾಗಿಯೇ ಬರುತ್ತಾನೆ ಅಂತ ಅವನ ಬಾಯಿಂದ ಒಂದು ಸಲ ಕೇಳಬೇಕಿತ್ತು.

ಎಂಟನೇ ಗುರುವಾರ. ಅವಳು ಅವನ ತಲೆಗೆ ಶಾಂಪೂ ಹಾಕಿ ತಿಕ್ಕುತ್ತಿದ್ದಳು. ತೊಟ್ಟಿಯ ಪಕ್ಕದ ಕಟ್ಟೆಯ ಮೇಲಿಟ್ಟಿದ್ದ ಅವನ ಫೋನು ಮಿನುಗಿತು. ಓದಬೇಕು ಅಂತ ಓದಿದ್ದಲ್ಲ, ಕಣ್ಣಿಗೆ ಬಿತ್ತು ಅಷ್ಟೆ.

‘ಸೆಲೂನ್ ತಪಾಸಣೆ ಏನಾಯ್ತು ಗುರೂ? ಆ ಕಳ್ಳ ಲೆಕ್ಕ ತೆಗೆದುಹಾಕಿದ್ಯಾ? ಭಾನುವಾರ ಸಭೆ. ಕಿಡಿ ಗೆಲ್ಲಲೇಬೇಕು!’

ಪುಟ್ಟಿಯ ಕೈ ನಿಂತಿತು.

“ನೀವು... ತಪಾಸಣೆ ಮಾಡೋಕೆ ಬರ್ತಿದ್ರಾ?”

ಅವನು ತಲೆ ತುಂಬಾ ನೊರೆಯೊಂದಿಗೆ ಎದ್ದು ಕೂತ. “ಅದು... ಮೊದಲು ಹಾಗೇ... ಆದ್ರೆ ಆಮೇಲೆ...”

“ನಾನು ಕಳ್ಳಿನಾ?”

“ಅಯ್ಯೋ ಅಲ್ಲ! ಕೇಳಿ ಇಲ್ಲಿ, ವರದೀಲಿ ಏನಿದೆ ಅಂತ ಭಾನುವಾರದವರೆಗೆ ನಾನು ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ. ದಯವಿಟ್ಟು ಮೂರೇ ದಿನ...”

“ಎಂಟು ವಾರ!” ಅವಳು ಕೈಗೆ ಮೆತ್ತಿದ್ದ ನೊರೆ ಝಾಡಿಸಿದಳು. “ಎಂಟು ವಾರದಿಂದ ನಾನು ನಿಮ್ಮ ಹತ್ರ ನನ್ನ ಜೀವದ ಹಾಡುಗಳ ಬಗ್ಗೆ ಎಲ್ಲಾ ಹೇಳ್ಕೊಂಡೆ. ನೀವು ಮನಸ್ಸಲ್ಲೇ ತಪ್ಪು ಹುಡುಕ್ತಾ ಇದ್ರಿ. ಎದ್ದೇಳಿ. ಹೊರಡಿ!”

“ನೊರೆ...”

“ಮನೇಲಿ ತೊಳ್ಕೊಳ್ಳಿ!”

ಟವೆಲು ಅವನ ಮುಖಕ್ಕೆ ಬಂದು ಬಿತ್ತು. ಪಾಪ, ಮನುಷ್ಯ ತಲೆಯ ಮೇಲೆ ನೊರೆ ಹೊತ್ತುಕೊಂಡೇ ಬೀದಿಗಿಳಿದ. ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ತಿರುಗಿ ನೋಡಿದರು.

ಮರುದಿನ ಸೆಲೂನಿನಲ್ಲಿ ‘ನಿಧಾನ’ ಇಲ್ಲ. ಕಿಟಕಿಯ ಮೇಲೆ ಟಿಕ್ ಟಿಕ್ ಅನ್ನುವ ಒಂದು ಅಲಾರಂ ಗಡಿಯಾರ ಬಂದು ಕೂತಿತ್ತು.

“ಇದೇನಿದು? ಆಪರೇಷನ್‌ಗೆ ಕಾಯ್ತಿರೋ ಹಾಗಿದೆ,” ಅಂತ ಬ್ಯಾಂಕ್ ಆಂಟಿ ಗೊಣಗಿದರು. ಅಲಾರಂ ಹೊಡೆದಾಗ ಬೆಚ್ಚಿಬಿದ್ದು ಬಣ್ಣವನ್ನೆಲ್ಲ ಹಣೆಗೆ ಬಳಿದುಕೊಂಡರು.

ದೊಡ್ಡಮ್ಮ ಪುಟ್ಟಿಯನ್ನು ಒಳಗೆ ಕರೆದು ಕೂರಿಸಿದರು. “ಅತ್ತಿದ್ಯಾ?”

“ಇಲ್ಲ.”

“ಮೂಗು ಟೊಮೆಟೊ ಆಗಿದೆ, ಇಲ್ಲ ಅಂತಾಳೆ. ಆ ಹುಡುಗ ಅಂದ್ರೆ ಇಷ್ಟಾನಾ?”

ಪುಟ್ಟಿ ದೊಡ್ಡಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದಳು. “ತುಂಬಾ ಇಷ್ಟ ದೊಡ್ಡಮ್ಮಾ... ಅದಕ್ಕೇ ಇಷ್ಟು ಕೋಪ. ಭಾನುವಾರ ಸಭೆಗೆ ಹೋಗಿ ನನ್ನ ಲೆಕ್ಕ ವಾಪಸ್ ತಗೊಂಡು ಬರ್ತೀನಿ. ಅವನ ‘ಕಿಡಿ’ನೇ ಗೆಲ್ಲಲಿ. ಅವನ ಸಹವಾಸವೂ ಬೇಡ, ಅವನ ತಪಾಸಣೆಯೂ ಬೇಡ.”

“ಹೋಗೋಣ. ಆದ್ರೆ ಒಬ್ಳೇ ಅಲ್ಲ.”

ಭಾನುವಾರ ಮಧ್ಯಾಹ್ನ, ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ‘ಹಳದಿ ಲಾರಿ’ ಅಭಿಮಾನಿಗಳು ಕಿಕ್ಕಿರಿದು ತುಂಬಿದ್ದರು. ಕಪ್ಪು ಟೀ ಶರ್ಟಿನ ಆ ಗುಂಪಿನ ನಡುವೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಿರಮಿರ ಮಿಂಚುವ ಕಪ್ಪು ಕೂದಲಿನ ನಾಲ್ವರು ಹೆಂಗಸರು, ದೊಡ್ಡಮ್ಮ ಮತ್ತು ಪುಟ್ಟಿಯ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಾಗ ಯಾರೋ ಸೀಟಿ ಹೊಡೆದರು. ಟೀಚರಮ್ಮ ತಿರುಗಿ ನೋಡಿದರು ಅಷ್ಟೆ. ಸೀಟಿ ಅರ್ಧಕ್ಕೇ ಸತ್ತಿತು.

ಲಿಫ್ಟಿನವನು ಗೋಡೆಗೆ ಒರಗಿ ನಿಂತಿದ್ದ. ಪುಟ್ಟಿ ಅವನ ಕಡೆ ನೋಡಲಿಲ್ಲ. ನೋಡಬಾರದು ಅಂತ ನೋಡಲಿಲ್ಲ, ಅದೇನು ಸುಲಭವೇ?

ಅವಳು ಎದ್ದು ನಿಂತಳು. “ಸೆಲೂನಿನ ಲೆಕ್ಕ ಕಳಿಸಿದ್ದು ನಾನು. ಅದನ್ನ ವಾಪಸ್ ತಗೊಳ್ತೀನಿ.”

“ಕೂತ್ಕೋ ತಾಯಿ,” ಅಂದರು ಅಧ್ಯಕ್ಷರು, ಕನ್ನಡಕ ಏರಿಸುತ್ತಾ. “ಮೂವತ್ತು ವರ್ಷ ಬಸ್ ಓಡ್ಸಿದೀನಿ. ಸ್ಟಾಪ್ ಬರೋಕೆ ಮುಂಚೆ ಯಾರನ್ನೂ ಇಳ್ಸಿಲ್ಲ. ಮೊದ್ಲು ವರದಿ.”

ಎಲ್ಲರ ಎದುರಿಗೇ ಲಕೋಟೆ ಹರಿದರು. ಓದತೊಡಗಿದರು.

“‘ಮೂರು ಸಲ ಹೋಗಿ ನೋಡಿದೆ. ಲೆಕ್ಕ ನಿಜ. ಬಣ್ಣ ಹಚ್ಚಿದ ಹೊತ್ತು ಅಳೆಯಲು ಅವರು ಈ ಆಲ್ಬಮ್ ಹಾಕುತ್ತಾರೆ, ಹಾಗಾಗಿ ಇದು ಕೇಳುವಿಕೆ ಅಲ್ಲ ಅಂತ ಬರೆಯಬೇಕೆಂದಿದ್ದೆ. ಆದರೆ ಇವತ್ತು ಕರೆಂಟು ಹೋಯಿತು. ಅಲ್ಲಿದ್ದ ಹೆಂಗಸರು ಮೂರೂವರೆ ಹಾಡನ್ನು ತಾವೇ ಹಾಡಿ ಮುಗಿಸಿದರು. ಕೊನೇ ಹಾಡಿನ ಮುಂಚಿನ ಮೌನವನ್ನೂ ಬಿಡಲಿಲ್ಲ. ನಮ್ಮಲ್ಲಿ ಯಾರಿಗೆ ಯಾವ ಆಲ್ಬಮ್ ಇಷ್ಟು ಗೊತ್ತಿದೆ? ಇದು ಕೇಳುವಿಕೆಯೇ. ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿದ್ದಾರೆ. ಪೂರ್ತಿ ಲೆಕ್ಕ ಒಪ್ಪಬೇಕು. ಇದರಿಂದ ನನ್ನ “ಕಿಡಿ” ಸೋಲುತ್ತದೆ ಅಂತ ಗೊತ್ತಿದ್ದೇ ಸಹಿ ಮಾಡುತ್ತಿದ್ದೇನೆ.’”

ಹಾಲ್ ತುಂಬಾ ಗಲಾಟೆಯೆದ್ದಿತು. ಕಿಡಿ ಗುಂಪಿನವರು ಹಣೆ ಚಚ್ಚಿಕೊಂಡರು. ಬ್ಯಾಂಕ್ ಆಂಟಿ ಪರ್ಸಿನಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

ಪುಟ್ಟಿಯ ಕಾಲು ನೆಲಕ್ಕೆ ಅಂಟಿದಂತಾಗಿತ್ತು. ‘ಅಯ್ಯೋ ದೇವರೇ... ನಾನು ಏನೇನೆಲ್ಲ ಅಂದುಬಿಟ್ಟೆ!’

“ಒಂದ್ನಿಮಿಷ,” ಅಂತ ಟೀಚರಮ್ಮ ಎದ್ದರು. ಅವರ ಧ್ವನಿಗೆ ಇಡೀ ಹಾಲ್ ಬೆನ್ನು ನೆಟ್ಟಗೆ ಮಾಡಿ ಕೂತಿತು. “ವರದಿಯ ತಾರೀಕು ಓದಿ.”

ಅಧ್ಯಕ್ಷರು ಓದಿದರು.

“ಅಂದ್ರೆ ಮೂರನೇ ವಾರಕ್ಕೇ ಕೆಲಸ ಮುಗೀತು. ಈ ಹುಡುಗ ಮತ್ತೆ ಐದು ವಾರ ಸೆಲೂನಿಗೆ ಯಾಕೆ ಬಂದ?”

ಎಲ್ಲರ ಕಣ್ಣೂ ಲಿಫ್ಟಿನವನ ತಲೆಯ ಕಡೆ ಹೋಯಿತು. ಕೊಯ್ಲು ಮುಗಿದ ಗದ್ದೆಯಂಥ ತಲೆ. ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಕೆಂಪಾಗಿ, ತಲೆ ಸವರಿಕೊಂಡು, ಬಾಗಿಲಿನಾಚೆ ಮೆಟ್ಟಿಲ ಕಡೆ ಓಡಿದ.

“ನೋಡ್ತಾ ನಿಂತ್ಯಲ್ಲೇ! ಹೋಗೇ!” ಅಂತ ದೊಡ್ಡಮ್ಮ ಪುಟ್ಟಿಯ ಬೆನ್ನಿಗೆ ಒಂದು ಕೊಟ್ಟರು.

ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಪುಟ್ಟಿ ಇಳಿದು ಬಂದು, ಒಂದು ಮೆಟ್ಟಿಲು ಮೇಲೆ ನಿಂತಳು. ಮೇಲೆ ‘ನಿಧಾನ’ ಗೆದ್ದಿತು ಅಂತ ಘೋಷಿಸುತ್ತಿದ್ದರು. ಚಪ್ಪಾಳೆ, ಕೂಗಾಟ. ಇಬ್ಬರ ಕಿವಿಗೂ ಅದು ಬೀಳಲಿಲ್ಲ.

“ಯಾಕೆ ಬಂದ್ರಿ?” ಅಂದಳು ಮೆಲ್ಲಗೆ. “ಐದು ವಾರ... ಯಾಕೆ?”

“ಗೊತ್ತಿಲ್ವಾ?”

“ನಂಗೆ ಕೇಳ್ಬೇಕು.”

ಅವನು ಎದ್ದು ನಿಂತ. “ಮೊದಲನೇ ದಿನ ನೀವು ಬೈದ್ರಲ್ಲ, ಆಗ್ಲೇ ಏನೋ ಆಯ್ತು. ಕರೆಂಟ್ ಹೋದ ದಿನ ನೀವು ಶ್ರುತಿ ತಪ್ಪಿ ಹಾಡಿದ್ರಿ...”

“ತಪ್ಪಿ?”

“ಸ್ವಲ್ಪ. ಅವತ್ತು ಮುಗೀತು ನನ್ನ ಕಥೆ. ಮೊದಲನೇ ದಿನವೇ ಯಾಕೆ ಬಂದೆ ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ, ತಪ್ಪು ನಂದೇ. ಆದ್ರೆ ಆಮೇಲೆ ಬಂದಿದ್ದೆಲ್ಲಾ ನಿಮಗಾಗಿ. ಬರೀ ನಿಮಗಾಗಿ. ನೀವಂದ್ರೆ ನಂಗೆ ಪ್ರಾಣ.”

ಅವಳ ಕಣ್ಣು ತುಂಬಿ ಬಂತು, ನಗುವೂ ಬಂತು.

“ನಾನೂ ಒಂದು ಒಪ್ಕೋಬೇಕು. ಐದನೇ ವಾರದಿಂದ ನಿಮ್ಮ ತಲೇಲಿ ಕತ್ತರಿಸೋಕೆ ಏನೂ ಇರ್ಲಿಲ್ಲ. ನಾನು ಕತ್ತರೀನ ಗಾಳೀಲಿ ಆಡಿಸ್ತಾ ಇದ್ದೆ.”

“ಗಾಳೀಲಾ?!”

“ಹೂಂ. ಮುಗೀತು ಅಂದ್ರೆ ಎದ್ದು ಹೋಗ್ಬಿಡ್ತೀರಲ್ಲ, ಅದಕ್ಕೆ...” ಅವಳು ಅವನ ಗ್ರೀಸು ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು. “ನೊರೆ ತಲೇಲಿ ಓಡ್ಸಿದ್ದಕ್ಕೆ ಕ್ಷಮಿಸ್ತೀರಾ?”

“ಕ್ಷಮಿಸ್ದೆ. ಗುರುವಾರ ಬರ್ಲಾ?”

“ಇನ್ನು ಆರು ತಿಂಗಳು ಸೆಲೂನ್ ಕಡೆ ತಲೆ ಹಾಕ್ಬೇಡಿ.”

ಅವನ ಮುಖ ಬಾಡಿತು. “ಮತ್ತೆ... ಎಲ್ಲಿಗೆ ಬರ್ಲಿ?”

ಪುಟ್ಟಿ ಅವನ ಕೈ ಬಿಡಲಿಲ್ಲ.

“ಮನೆಗೆ ಬನ್ನಿ,” ಅಂದಳು. “ನಾಳೆ ಸೆಲೂನ್ ರಜೆ. ದೊಡ್ಡಮ್ಮನ ಹತ್ರ ನನ್ನ ಕೇಳೋಕೆ.”